ಕೊಬ್ಬರಿ ಅಟ್ಟದ ಸಿನಿಮಾ

ಮೊನ್ನೆ ನಮ್ಮ ಕಾಲೇಜಿನ ವಿಚಾರ ಸಂಕಿರಣದ ಕೊನೆಗೆ ವೇದಿಕೆಯ ಮೇಲಿದ್ದವರಿಗೆಲ್ಲ ಒಂದೊಂದು ಶಾಲು, ಒಂದೊಂದು ತೆಂಗಿನಕಾಯಿ ಕೊಟ್ಟರು. ಅರಸೀಕೆರೆಯಲ್ಲಿ ಕಾಯಿಗೇನು ಬರ! ನಿವೃತ್ತಳಾದ ಇಂಗ್ಲಿಷ್ ಅಧ್ಯಾಪಕಿ ಅಂತ ನನಗೂ ಒಂದು ಕುರ್ಚಿ ಹಾಕಿದ್ದರು. ಕಾಯಿ ಕೈಗೆ ಬಂದದ್ದೇ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ನೀರು ಗುಳುಗುಳು ಅಂದಿತು. ಪಕ್ಕದಲ್ಲಿದ್ದ, ಸಿನಿಮಾಗಳಿಗೆ ಸಹಾಯಧನ ಕೊಡುವ ಬೆಂಗಳೂರಿನ ಕಚೇರಿಯ ಅಧಿಕಾರಿ, 'ಏನ್ ಮೇಡಂ, ಟೆಸ್ಟ್ ಮಾಡ್ತಿದೀರಾ?' ಎಂದು ನಕ್ಕರು. ನಾನು ನಗಲಿಲ್ಲ. ಅವರ ಭಾಷಣ ಶುರುವಾದಾಗಿನಿಂದ ನನ್ನ ಮೈ ಉರಿಯುತ್ತಿತ್ತು.

ಭಾಷಣದ ವಿಷಯ ಐರ್ಲೆಂಡ್. ಆ ಪುಟ್ಟ ದೇಶದಲ್ಲಿ ಸಿನಿಮಾ, ಟಿವಿ ಮಾಡುವವರ ಬೆನ್ನಿಗೆ ನಿಲ್ಲಲೆಂದೇ ಒಂದು ರಾಷ್ಟ್ರೀಯ ಸಂಸ್ಥೆ ಇದೆಯಂತೆ. ಕಥೆ ಬರೆಯುವ ಹಂತದಲ್ಲೇ ಕೈ ಹಿಡಿಯುತ್ತದಂತೆ. ನಾವೂ ನೋಡಿ ಕಲಿಯಬೇಕಂತೆ. ಪರದೆಯ ಮೇಲೆ ಹಸಿರು ಗುಡ್ಡಗಳ ಚಿತ್ರ ಬಂತು, ಹುಡುಗರು ಚಪ್ಪಾಳೆ ತಟ್ಟಿದರು. ಇದೇ ಮಾತನ್ನು ಎಷ್ಟೋ ವರ್ಷಗಳ ಹಿಂದೆ ಇದೇ ಊರಿನ ಒಬ್ಬರು ಇವರದೇ ಕಚೇರಿಗೆ ಹೋಗಿ ಕೈಮುಗಿದು ಹೇಳಿದ್ದರು. ಆಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೂತ್ಕೊಳ್ಳಿ ಅನ್ನಲೂ ಇಲ್ಲ.

ಅವರನ್ನು ನಾವೆಲ್ಲ ಸ್ಟುಡಿಯೋದವರು ಎನ್ನುತ್ತಿದ್ದೆವು. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ನಮ್ಮ ಮನೆಯ ಎದುರಿಗೇ ಅವರ ಅಂಗಡಿ. ಪಾಸ್‌ಪೋರ್ಟ್ ಸೈಜ್ ಫೋಟೋ, ಝೆರಾಕ್ಸ್, ಮದುವೆ ವಿಡಿಯೋ. ತಾಲ್ಲೂಕಿನ ಯಾವ ಛತ್ರದಲ್ಲಿ ಮದುವೆಯಾದರೂ ಭುಜದ ಮೇಲೆ ಕ್ಯಾಮರಾ ಇಟ್ಟುಕೊಂಡು ಅವರೇ. ಮದುವೆಗೆ ಬಂದವರ ಪೈಕಿ ಒಬ್ಬರ ಮುಖವನ್ನೂ ಬಿಡಬಾರದು ಎನ್ನುವುದು ಅವರ ಹಟ. ಊಟದ ಪಂಕ್ತಿಯನ್ನು ಈ ತುದಿಯಿಂದ ಆ ತುದಿಯವರೆಗೆ ಹಿಡಿಯುತ್ತಿದ್ದರು. ನನ್ನ ತಂಗಿಯ ಮದುವೆಯ ವಿಡಿಯೋದಲ್ಲಿ ತಾಳಿ ಕಟ್ಟುವುದಕ್ಕಿಂತ ಪಾಯಸ ಬಡಿಸುವುದೇ ಜಾಸ್ತಿ ಇದೆ. ಕೇಳಿದರೆ, 'ಬಿಟ್ಟೋದೋರು ಬೇಜಾರ್ ಮಾಡ್ಕೊತಾರೆ ಮೇಡಂ' ಅನ್ನುತ್ತಿದ್ದರು.

ಒಂದು ಸಲ ಐರ್ಲೆಂಡಿನ ಟಿವಿಯವರು ಬೇಲೂರು, ಹಳೇಬೀಡಿನ ಶಿಲ್ಪಗಳ ಮೇಲೆ ಸಾಕ್ಷ್ಯಚಿತ್ರ ಮಾಡಲು ಬಂದರು. ಕಾರು, ಜನರೇಟರು, ಲೈಟುಗಳ ಏರ್ಪಾಡು ಸ್ಟುಡಿಯೋದವರಿಗೆ ಸಿಕ್ಕಿತು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಕಾಲೇಜಿಗೆ ರಜೆ ಇದ್ದದ್ದರಿಂದ ಮಾತಾಡಲು ನನ್ನನ್ನೂ ಹತ್ತಿಸಿಕೊಂಡರು. ತಂಡದ ನಿರ್ಮಾಪಕಿ ಬಿಳಿಕೂದಲಿನ ಹೆಂಗಸು, ಬಿಸಿಲಿಗೆ ಮೂಗು ಕೆಂಪಾಗಿತ್ತು. ಹಳೇಬೀಡಿನ ಗುಡಿಯ ಹುಲ್ಲಿನ ಮೇಲೆ ಚಿತ್ರಾನ್ನ ತಿನ್ನುತ್ತಾ ಕೂತಿದ್ದಾಗ ಸ್ಟುಡಿಯೋದವರು ನನ್ನ ಮೂಲಕ ಆಕೆಯನ್ನು ಕೇಳಿದರು, ನಿಮ್ಮ ಕಡೆ ಸಿನಿಮಾಕ್ಕೆ ದುಡ್ಡು ಹಾಕೋರು ಯಾರು ಅಂತ.

ಆಕೆ ಬಿಡಿಸಿ ಹೇಳಿದಳು. ನಮ್ಮದು ಸಣ್ಣ ದೇಶ, ಬರೀ ಟಿಕೆಟ್ ದುಡ್ಡನ್ನು ನಂಬಿದರೆ ನಮ್ಮ ಕಥೆ ನಾವು ಹೇಳಿಕೊಳ್ಳಲಾಗದು, ಅದಕ್ಕೇ ಸರ್ಕಾರದ ಹಣದಲ್ಲಿ ಒಂದು ಸಂಸ್ಥೆ ಇದೆ. ಮೊದಲು ಕಥೆ ಬರೆಯಲು ಒಂದಿಷ್ಟು ಕೊಡುತ್ತಾರೆ. ಬರೆದದ್ದು ಹಿಡಿಸಿದರೆ ಚಿತ್ರ ಮಾಡಲು ನಿರ್ಮಾಪಕರ ಜೊತೆ ಹಣ ಹೂಡುತ್ತಾರೆ. ಚಿತ್ರ ದುಡಿದರೆ ಆ ಹಣ ಸಂಸ್ಥೆಗೆ ವಾಪಸ್, ಇನ್ನೊಬ್ಬರ ಚಿತ್ರಕ್ಕೆ. ಕ್ಯಾಮರಾ, ಶಬ್ದ, ಸಂಕಲನ ಕಲಿಯುವವರಿಗೆ ತರಬೇತಿ ಬೇರೆ. ತಮ್ಮ ಹಳೆಯ ಭಾಷೆಯನ್ನು ಮನೆಯಲ್ಲಿ ಆಡುವವರು ಕಡಿಮೆ, ಆದರೆ ಆ ಭಾಷೆಯ ಚಿತ್ರಗಳಿಗೂ ನೆರವು ಇದೆ ಎಂದಳು. 'ನಮಗೂ ಎಷ್ಟೋ ಸಲ ಇಲ್ಲ ಅಂದಿದ್ದಾರೆ. ಜಗಳ ಆಡಿದ್ದೇವೆ. ಆದರೆ ಯಾಕೆ ಇಲ್ಲ ಅಂತ ಹೇಳುತ್ತಾರೆ' ಎಂದು ನಕ್ಕಳು.

ನಾನು ಕನ್ನಡ ಮಾಡಿ ಹೇಳುತ್ತಾ ಹೋದೆ. ಸ್ಟುಡಿಯೋದವರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

'ಬರೆಯಾಕೂ ದುಡ್ಡು ಕೊಡ್ತಾರಾ ಮೇಡಂ? ಬರೀ ಕೂತ್ಕಂಡು ಬರೆಯಾಕೆ?'

ಅವರ ಮನಸ್ಸಿನಲ್ಲಿ ಒಂದು ಸಿನಿಮಾ ಇದೆ ಅಂತ ನನಗೆ ಗೊತ್ತಾದದ್ದು ಆವತ್ತೇ. ವಾಪಸ್ ಬರುವಾಗ ಜಾವಗಲ್ ದಾಟಿದ ಮೇಲೆ ಬಾಯಿ ಬಿಟ್ಟರು. ಕಣಕಟ್ಟೆಯಲ್ಲಿ ಅವರ ಅಣ್ಣನ ಮನೆ. ಅಲ್ಲಿ ಅವರ ಅವ್ವ. ಮನೆಯ ಮೇಲೆ ಕೊಬ್ಬರಿ ಅಟ್ಟ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷವಿಡೀ ಬಿಟ್ಟರೆ ಒಳಗಿನ ನೀರು ಆರಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಅವ್ವ ಗಂಡ ಸತ್ತ ಮೇಲೆ ಆ ಅಟ್ಟದಿಂದಲೇ ಇಬ್ಬರು ಮಕ್ಕಳನ್ನು ಸಾಕಿದವರು. ಏಣಿ ಹತ್ತಿ, ಬೆನ್ನು ಬಾಗಿಸಿ, ಒಂದೊಂದೇ ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸುತ್ತಾ ಕತ್ತಲೆಯಲ್ಲಿ ಕೂರುತ್ತಿದ್ದರಂತೆ. ಕಾಯಿಗಳ ಹತ್ತಿರ ಮಾತಾಡುತ್ತಿದ್ದರಂತೆ, ಕೆಳಗೆ ಯಾರಿಗೂ ಹೇಳದ್ದನ್ನೆಲ್ಲ… ಏಣಿಯ ಬುಡದಲ್ಲಿ ನಿಂತು ಕೇಳಿಸಿಕೊಂಡಷ್ಟು ಇವರ ಕಥೆ. ಆ ಪಾತ್ರವನ್ನು ಅವ್ವನೇ ಮಾಡಬೇಕು, ಆ ಅಟ್ಟದಲ್ಲೇ ಆಗಬೇಕು. ಅವ್ವ ಏಣಿ ಹತ್ತುವಷ್ಟು ಗಟ್ಟಿ ಇರುವಾಗಲೇ ಆಗಬೇಕು. ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಬರೆದರು. ಝೆರಾಕ್ಸ್ ಮಿಷನ್ ಪಕ್ಕ ಕೂತು, ಗಿರಾಕಿ ಬಂದಾಗ ಎದ್ದು, ಹೋದಾಗ ಕೂತು. ನಾನು ಅದನ್ನು ಇಂಗ್ಲಿಷ್ ಮಾಡಿ ನಿರ್ಮಾಪಕಿಗೆ ಕಳಿಸಿದೆ. ಇಷ್ಟು ವರ್ಷ ಪಾಠ ಮಾಡಿದ ನನಗೆ 'ಅಟ್ಟ' ಎನ್ನುವುದನ್ನು ಐರ್ಲೆಂಡಿನವರಿಗೆ ತಿಳಿಯುವಂತೆ ಬರೆಯಲು ಒಂದು ಪುಟ ಬೇಕಾಯಿತು. ನಿರ್ಮಾಪಕಿಯ ಉತ್ತರ ಬೇಗ ಬಂತು. ಕಥೆ ಆಕೆಗೆ ತುಂಬಾ ಹಿಡಿಸಿತ್ತು. ನಮ್ಮ ದೇಶದ ಸಂಸ್ಥೆ ನಿಮಗೆ ನೇರವಾಗಿ ಹಣ ಕೊಡುವುದಿಲ್ಲ, ಆದರೆ ನಾನು ಜೊತೆ ನಿರ್ಮಾಪಕಿಯಾಗಿ ಕೇಳಬಹುದು, ಎರಡು ದೇಶಗಳು ಸೇರಿ ಮಾಡುವ ಚಿತ್ರಗಳಿಗೂ ಅಲ್ಲಿ ದಾರಿ ಇದೆ ಎಂದಿದ್ದಳು. ಒಂದೇ ಒಂದು ಷರತ್ತು. ಚಿತ್ರ ನಿಮ್ಮ ನೆಲದ್ದು, ಹಾಗಾಗಿ ಮೊದಲು ನಿಮ್ಮವರು ಯಾರಾದರೂ ಜೊತೆಗಿರುತ್ತೇವೆ ಅನ್ನಬೇಕು. ಮೊತ್ತ ಸಣ್ಣದಾದರೂ ಪರವಾಗಿಲ್ಲ, ಮಾತು ಬೇಕು.

'ಅಷ್ಟೇನಾ!' ಅಂದರು ಸ್ಟುಡಿಯೋದವರು. ಆವತ್ತು ಅವರು ಅಂಗಡಿಗೆ ಬಂದವರಿಗೆಲ್ಲ ಟೀ ಕುಡಿಸಿದರು.

ಅಷ್ಟೇನಾ ಅಂದದ್ದು ಎಷ್ಟು ದುಬಾರಿಯಾಯಿತು! ಬೆಂಗಳೂರಿನ ಆ ಕಚೇರಿಗೆ ಮೊದಲ ಸಲ ನಾನೂ ಜೊತೆಗೆ ಹೋಗಿದ್ದೆ. ಮೇಜಿನ ಹಿಂದಿದ್ದವರು ಕಥೆಯ ಮೊದಲ ಹಾಳೆಯನ್ನೂ ತಿರುಗಿಸಲಿಲ್ಲ. 'ಸಿನಿಮಾ ಪೂರ್ತಿ ಮಾಡ್ಕೊಂಡು ಬನ್ರೀ, ಸೆನ್ಸಾರ್ ಆಗ್ಲಿ, ರಿಲೀಸ್ ಆಗ್ಲಿ. ಸಹಾಯಧನ ಎಲ್ಲಾ ಆಮೇಲೆ' ಎಂದರು.

'ಮಾಡಾಕೇ ನಿಮ್ಮ ಮಾತು ಬೇಕಾಗೈತೆ ಸಾರ್' ಅಂದರು ಇವರು.

'ಅದೇ ಹೇಳ್ತಿರೋದು, ಮಾಡ್ಕೊಂಡು ಬನ್ನಿ.'

ಮಾತಾಡುತ್ತಿರುವುದು ಮನುಷ್ಯರ ಜೊತೆಗೋ ಗೋಡೆಯ ಜೊತೆಗೋ ಎಂದು ನನಗೆ ತಲೆ ಚಿಟ್ಟು ಹಿಡಿಯಿತು. ಅಲ್ಲಿಯವರು ಇಲ್ಲಿಯವರ ಮಾತಿಗೆ ಕಾಯುತ್ತಿದ್ದಾರೆ, ಇಲ್ಲಿಯವರು ಮುಗಿದ ಸಿನಿಮಾಕ್ಕೆ ಕಾಯುತ್ತಿದ್ದಾರೆ, ನಡುವೆ ಕಣಕಟ್ಟೆಯಲ್ಲಿ ಒಬ್ಬ ಮುದುಕಿಗೆ ವಯಸ್ಸಾಗುತ್ತಿದೆ. ನಿಯಮ ಹಾಗಿರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ನಿಯಮ ಮಾಡಿದವರು ಸಿನಿಮಾ ಎನ್ನುವುದು ಮರದಲ್ಲಿ ತಾನಾಗಿ ಬಿಡುತ್ತದೆ ಅಂತ ತಿಳಿದಿದ್ದರೋ ಏನೋ.

ಆಮೇಲೆ ಅವರು ಒಬ್ಬರೇ ಹೋಗಿ ಬಂದು ಮಾಡಿದರು. ಮದುವೆ ಸೀಜನ್ ಇಲ್ಲದಾಗೆಲ್ಲ ಬೆಳಗಿನ ರೈಲು ಹತ್ತುತ್ತಿದ್ದರು. ಒಬ್ಬರು ಕಥೆಯಲ್ಲಿ ಬೇಲೂರಿನ ಶಿಲಾಬಾಲಿಕೆಯರನ್ನು ಸೇರಿಸಿದರೆ ಪ್ರವಾಸೋದ್ಯಮದ ಕಡೆಯಿಂದ ನೋಡಬಹುದು ಎಂದರಂತೆ. ಇನ್ನೊಬ್ಬರು ಕೊಬ್ಬರಿ ಅಂದ ಮೇಲೆ ತೋಟಗಾರಿಕೆಯವರನ್ನು ಕೇಳಿ ಎಂದರಂತೆ. ನಮ್ಮೂರಿನ ಒಬ್ಬ ಕೊಬ್ಬರಿ ಮಂಡಿ ಸಾಹುಕಾರರು ಪೂರಾ ದುಡ್ಡು ಹಾಕಲು ತಯಾರಾದರು, ಅವ್ವನ ಪಾತ್ರವನ್ನು ತೆಗೆದು ಅವರ ಸೊಸೆಯನ್ನು ಹಾಕಬೇಕಂತೆ, ಎರಡು ಹಾಡು ಇರಬೇಕಂತೆ! ಇದನ್ನು ಹೇಳುವಾಗ ಸ್ಟುಡಿಯೋದವರು ನಗುತ್ತಿದ್ದರು. ಮೊದಮೊದಲು.

ಕಣಕಟ್ಟೆಗೆ ನಾನು ಒಮ್ಮೆ ಹೋಗಿದ್ದೆ. ಅವ್ವ ತೆಳ್ಳಗೆ, ಗಟ್ಟಿ ಬಾಯಿಯ ಹೆಂಗಸು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟು ನನ್ನ ಎದುರಿಗೇ ಮಗನನ್ನು ಛೇಡಿಸಿದರು.

'ಅದ್ಯಾವಾಗ್ಲಾ ನಿನ್ ಸಿನ್ಮಾ? ಮಂಡಿ ಸವೆದೋಯ್ತು ಕಣ್ಲಾ. ನಾನ್ ಸತ್ ಮ್ಯಾಲೆ ಅಟ್ಟುಕ್ಕೆ ಯಾರ್ನ ಹತ್ತುಸ್ತೀಯ?'

'ಆಯ್ತದೆ ಸುಮ್ಕಿರವ್ವ' ಅಂದರು ಇವರು.

ಹೊರಡುವಾಗ ನಾನು ಕೇಳಿದೆ, ಹೇಗೂ ಕ್ಯಾಮರಾ ಇದೆಯಲ್ಲ, ಅದರಲ್ಲೇ ಅವ್ವನನ್ನು ಒಂದಿಷ್ಟು ಹಿಡಿದಿಡಬಾರದೇ ಅಂತ. ಅವರಿಗೆ ಬೇಸರವಾಯಿತು. ಅದು ಮದುವೆ ಕ್ಯಾಮರಾ ಮೇಡಂ, ಅದರಲ್ಲಿ ಎಲ್ಲರೂ ಒಂದೇ ತರ ಕಾಣುತ್ತಾರೆ, ಅವ್ವನನ್ನು ಅದರಲ್ಲಿ ಹಿಡಿಯುವುದಿಲ್ಲ, ಸರಿಯಾದ ಕ್ಯಾಮರಾ, ಸರಿಯಾದ ಬೆಳಕು ಬಂದಾಗಲೇ ಹಿಡಿಯುವುದು ಎಂದರು. ತಾಲ್ಲೂಕಿನ ಎಲ್ಲರ ಮುಖವನ್ನೂ ಹಿಡಿದ ಮನುಷ್ಯ ತನ್ನ ಅವ್ವನ ಮುಖವನ್ನು ಸಿನಿಮಾಕ್ಕೆ ಅಂತ ಎತ್ತಿಟ್ಟಿದ್ದರು. ನನಗೆ ಅವರ ಮೇಲೂ ಸಿಟ್ಟು ಬಂತು. ಆದರೆ ಆ ಸಿಟ್ಟು ನಿಲ್ಲಲಿಲ್ಲ. ಒಂದು ಕಡೆ ಅಷ್ಟು ದೂರದಿಂದ ಒಬ್ಬಳು, ಮಾಡೋಣ ಅಂದಿದ್ದಾಳೆ. ಇನ್ನೊಂದು ಕಡೆ ಬೆಂಗಳೂರಿನವರು, ಮಾತು ಇವತ್ತಲ್ಲ ನಾಳೆ ಸಿಕ್ಕೀತು ಅನ್ನುವ ಹಾಗೆ ಮೂಗಿಗೆ ತುಪ್ಪ ಸವರುತ್ತಿದ್ದಾರೆ. ಕಾಯದೇ ಇವರು ಇನ್ನೇನು ಮಾಡಿಯಾರು?

ಅವ್ವ ಏಣಿ ಹತ್ತುವುದನ್ನು ಬಿಟ್ಟರು. ಆಮೇಲೆ ಜಗಲಿಗೆ ಬರುವುದನ್ನು ಬಿಟ್ಟರು. ಆಮೇಲೆ ಒಂದು ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯಲಿಲ್ಲ, ಕೇಳಿದರೆ ಕಣಕಟ್ಟೆಗೆ ಹೋಗಿದ್ದಾರೆ, ಅವ್ವ ಹೋಗಿಬಿಟ್ಟರು ಅಂದರು…

ತಿಥಿ ಕಳೆದ ಮೇಲೆ ಸ್ಟುಡಿಯೋದವರು ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಹಾಕಿ ನೋಡತೊಡಗಿದರು. ಕಣಕಟ್ಟೆಯಲ್ಲಿ ಆದ ಮದುವೆಗಳು, ನೆಂಟರ ಮದುವೆಗಳು, ಅಣ್ಣನ ಮಗಳದ್ದು. ಅವ್ವ ಎಲ್ಲದಕ್ಕೂ ಬಂದಿದ್ದವರೇ. ಎಲ್ಲಾದರೂ ಸಿಕ್ಕೇ ಸಿಗುತ್ತಾರೆ ಅಂತ ನಾನೂ ಎದುರು ಮನೆಯಿಂದ ಕಾಫಿ ತಂದುಕೊಟ್ಟು ಸ್ವಲ್ಪ ಹೊತ್ತು ಕೂರುತ್ತಿದ್ದೆ.

ಸಿಗಲಿಲ್ಲ. ಊರಿನ ನಾಯಿಯೂ ಇತ್ತು, ಅವ್ವ ಇರಲಿಲ್ಲ. ಒಂದು ಕಡೆ ಸೆರಗಿನ ತುದಿ. ಒಂದು ಕಡೆ ಬಳೆಯಿಲ್ಲದ ಕೈ, ಪಕ್ಕಕ್ಕೆ ಸರಿದದ್ದು. ಮಗನ ಕ್ಯಾಮರಾ ಎತ್ತ ತಿರುಗುತ್ತದೋ ಅತ್ತಲಿಂದ ಅವರು ಎದ್ದು ಹೋಗುತ್ತಿದ್ದರು, ಮಗನ ಕೆಲಸಕ್ಕೆ ತಾನು ಅಡ್ಡ ಆಗಬಾರದು ಅಂತ. ಒಂದೇ ಒಂದು ಕ್ಯಾಸೆಟ್ಟಿನಲ್ಲಿ, ಧಾರೆಯ ಹೊತ್ತಿಗೆ ಜನ ಮಂಟಪಕ್ಕೆ ಮುಗಿಬಿದ್ದಾಗ, ಹಿಂದಿನಿಂದ ಅವರ ದನಿ ಕೇಳಿಸಿತು. ಖಣಖಣ ಅನ್ನುವ ದನಿ.

'ಅಡ್ಡ ಬರಬ್ಯಾಡ್ರೋ! ನಮ್ ಹುಡುಗ ವಿಡಿಯೋ ಹಿಡೀತಾವ್ನೆ!'

ಸ್ಟುಡಿಯೋದವರು ಅಷ್ಟನ್ನೇ ಮತ್ತೆ ಮತ್ತೆ ಹಿಂದಕ್ಕೆ ಹಾಕಿ ಕೇಳಿದರು. ಅವರು ಅತ್ತದ್ದನ್ನು ನಾನು ನೋಡಿದ್ದು ಆವತ್ತು ಮಾತ್ರ. ನಾನೂ ಅತ್ತೆ. ಕಾಫಿ ಆರಿಹೋಯಿತು.

ನಿರ್ಮಾಪಕಿಗೆ ಸುದ್ದಿ ಬರೆದೆ, ಸ್ಟುಡಿಯೋದವರು ಹೇಳಿದಂತೆ ಆ ದನಿಯನ್ನೂ ಕಳಿಸಿದೆ. ಆಕೆ ಬೇಸರಪಟ್ಟು ಬರೆದಳು. ಕೊನೆಗೆ, ಆ ತಾಯಿ ಏನು ಹೇಳುತ್ತಿದ್ದಾರೆ ಎಂದು ಕೇಳಿದ್ದಳು. ಇಂಗ್ಲಿಷಿನಲ್ಲಿ ಹೇಳಿದರೆ ಒಂದೇ ಸಾಲು. ಅದನ್ನು ಬರೆಯಲು ನನಗೆ ಆವತ್ತು ಆಗಲೇ ಇಲ್ಲ. ಮಾರನೇ ದಿನ ಬರೆದೆ.

ಬೇರೆ ಯಾರನ್ನಾದರೂ ಹಾಕಿ ಚಿತ್ರ ಮಾಡಬಹುದಿತ್ತು. ಆ ಕಡೆಯಿಂದ ಆಕೆ ಇನ್ನೂ ತಯಾರಿದ್ದಳು. ಸ್ಟುಡಿಯೋದವರು ಒಪ್ಪಲಿಲ್ಲ. ಮದುವೆ ವಿಡಿಯೋ ಕೆಲಸವನ್ನೂ ಕಡಿಮೆ ಮಾಡುತ್ತಾ ಬಂದರು, ಅಷ್ಟರಲ್ಲಿ ಡ್ರೋನ್ ಹಾರಿಸುವ ಹುಡುಗರೂ ಬಂದರು. ಅಂಗಡಿ ಮಾರಿ ಹೆಂಡತಿಯ ಊರಾದ ಹಾರನಹಳ್ಳಿಗೆ ಹೋದರು. ಹೋಗುವ ಮುಂಚೆ ಅಟ್ಟದಿಂದ ತಂದ ಒಂದು ಒಣಗಿದ ಕಾಯಿಯನ್ನು ನನ್ನ ಕೈಗಿಟ್ಟು, 'ಅಲ್ಲಾಡ್ಸಿ ನೋಡಿ ಮೇಡಂ' ಅಂದರು. ಗಡಗಡ ಅಂದಿತು. ಅವರೂ ಈಗಿಲ್ಲ. ಎದೆನೋವು ಅಂದರಂತೆ, ಹಾಸನದ ಆಸ್ಪತ್ರೆ ಮುಟ್ಟುವುದರೊಳಗೆ…

ಇದೆಲ್ಲ ಮನಸ್ಸಿನಲ್ಲಿ ಕುದಿಯುತ್ತಿರುವಾಗಲೇ ಸಂಕಿರಣದಲ್ಲಿ ಪ್ರಶ್ನೋತ್ತರ ಅಂತ ಮೈಕು ಕೊಟ್ಟರು. ಕೇಳಿದೆ. 'ಸರ್, ಈ ಊರಿನಿಂದ ಯಾರಾದರೂ ಒಂದು ಒಳ್ಳೇ ಕಥೆ ಇಟ್ಟುಕೊಂಡು ನಾಳೆ ನಿಮ್ಮ ಕಚೇರಿಗೆ ಬಂದರೆ ಏನಂತೀರಿ?'

ಅವರು ಪ್ರಸನ್ನರಾಗಿ ಹೇಳಿದರು, 'ಖಂಡಿತ ಬರಲಿ ಮೇಡಂ. ಒಂದು ಚಿತ್ರ ಮಾಡ್ಕೊಂಡು ಬರಲಿ, ನಾವು ಇದ್ದೇ ಇದ್ದೀವಿ.'

ಹುಡುಗರು ಮತ್ತೆ ಚಪ್ಪಾಳೆ ತಟ್ಟಿದರು. ಮಾತು ಅದೇ, ಮೇಜಿನ ಹಿಂದಿನ ಮನುಷ್ಯ ಮಾತ್ರ ಬೇರೆ. ಜಗಳವಾಡೋಣ ಅಂದರೆ ಯಾರ ಮೇಲೆ ಆಡುವುದು? ಇವರಿಗೆ ಕಣಕಟ್ಟೆ ಎಲ್ಲಿದೆ ಅಂತಲೂ ಗೊತ್ತಿರಲಿಕ್ಕಿಲ್ಲ.

ಆಮೇಲೆ ಶಾಲು, ಕಾಯಿ. ಆಮೇಲೆ ಗ್ರೂಪ್ ಫೋಟೋ. ಪ್ರಿನ್ಸಿಪಾಲರು, ಅಧಿಕಾರಿಗಳು, ಅವರ ಜೊತೆ ಬಂದವರು ಎಲ್ಲ ನೂಕಾಡಿಕೊಂಡು ನಿಂತರು. ನಾನು ಎಲ್ಲಿ ಇದ್ದೆನೋ ಅಲ್ಲೇ, ಸರಿಯಾಗಿ ಆ ಅಧಿಕಾರಿಯ ಮುಂದೆ ಇದ್ದೆ. ಕ್ಯಾಮರಾದ ಹುಡುಗ ಕೈ ಬೀಸಿದ.

'ಮೇಡಂ, ಒಂಚೂರು ಪಕ್ಕಕ್ಕೆ ಬನ್ನಿ. ಸರ್‌ಗೆ ಅಡ್ಡ ಬರ್ತಿದೀರ.'

ಕಾಯಿಯನ್ನು ಎದೆಗೊತ್ತಿ ಹಿಡಿದುಕೊಂಡು ಹುಡುಗನನ್ನೇ ನೋಡಿದೆ. ಅವನು ಇನ್ನೊಮ್ಮೆ ಹೇಳಿದ. ನಾನು ಸರಿಯಲಿಲ್ಲ.