ಗಡಿಗೆ ಹೊರಟ ಖಡಕ್ ರೊಟ್ಟಿ

ದೂರದ ದೇಶಗಳಲ್ಲಿ ಯುದ್ಧ ಶುರುವಾದ ವರ್ಷ ಅಕ್ಕನ ರೊಟ್ಟಿ ಕೇಂದ್ರದಲ್ಲಿ ಮತ್ತೆ ಕಟ್ಟಿಗೆ ಒಲೆ ಹತ್ತಿತು. ದೇವದುರ್ಗದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳದು ತಗಡಿನ ಎರಡು ಖೋಲಿ. ಮುಂದಿನದರಲ್ಲಿ ಅವಳ ಜೊತೆ ಇಬ್ಬರು ಹೆಂಗಸರು ಕೂತು ಜೋಳದ ರೊಟ್ಟಿ ಬಡಿಯುತ್ತಾರೆ. ಹಿಂದಿನದರಲ್ಲಿ ಅಕ್ಕ, ಭಾವ, ಅಕ್ಕನ ಅತ್ತೆಯ ಸಂಸಾರ. ಅಕ್ಕನಿಗೆ ಚಿಕ್ಕಂದಿನಿಂದ ದಮ್ಮು. ಹೊಗೆ ಕುಡಿದರೆ ಎದೆ ಕಟ್ಟುತ್ತದೆ, ಉಸಿರು ಶಿಳ್ಳೆ ಹೊಡೆಯುತ್ತದೆ. ಹೊಗೆಯ ಹತ್ತಿರ ಸುಳಿಯಬೇಡ ಎಂದು ರಾಯಚೂರಿನ ಡಾಕ್ಟರು ಗದರಿದ ಮೇಲೆಯೇ ಅವಳು ಗ್ಯಾಸಿನ ಮೇಲೆ ಹಂಚು ಇಟ್ಟದ್ದು. ಈಗ ಸಮುದ್ರದಲ್ಲಿ ಗ್ಯಾಸ್ ತರುವ ಹಡಗುಗಳು ನಿಂತವು. ಅಂಗಡಿ, ಖಾನಾವಳಿಗಳಿಗೆ ಕೊಡುವ ಸಿಲಿಂಡರ್ ನಿಂತಿತು. ಅಕ್ಕ ಹತ್ತಿ ಗಿಡದ ಕಟ್ಟಿಗೆ ತರಿಸಿದಳು. ಇಷ್ಟು ಸರಳವಾದ ಸರಪಳಿಯನ್ನು ಯಾರಿಗೂ ತಿಳಿಸಿ ಹೇಳಲು ನನಗೆ ಆಗಲಿಲ್ಲ, ಯಾಕೆಂದರೆ ಅದು ಎಲ್ಲರಿಗೂ ತಿಳಿದೇ ಇತ್ತು.

ನಾನು ಆಗ ರಾಯಚೂರಿನಲ್ಲಿ ಖೋಲಿ ಮಾಡಿಕೊಂಡು ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಚರ್ಚಾಸ್ಪರ್ಧೆ ನನ್ನ ಚಟ. ಆ ವರ್ಷ ಎಲ್ಲ ಕಾಲೇಜುಗಳಿಗೂ ಒಂದೇ ವಿಷಯ ಸಿಕ್ಕಿತ್ತು: ಯುದ್ಧ ಅನಿವಾರ್ಯವೇ? ಚೀಟಿ ಎತ್ತಿದಾಗ ಬೆಳಿಗ್ಗೆ ‘ಹೌದು’ ಬಂತು, ಗೆದ್ದೆ. ಮಧ್ಯಾಹ್ನ ‘ಅಲ್ಲ’ ಬಂತು, ಅದನ್ನೂ ಗೆದ್ದೆ. ಚಪ್ಪಾಳೆ ಎರಡಕ್ಕೂ ಅಷ್ಟೇ ಜೋರಾಗಿತ್ತು. ಊಟದ ಹೊತ್ತಿಗೆ ಮೆಸ್ಸಿನಲ್ಲಿ ಪೂರಿ ಇರಲಿಲ್ಲ. ಎಣ್ಣೆ ಪಾಕೀಟಿನ ದರ ನಿನ್ನೆ ಒಂದು, ಇವತ್ತು ಒಂದು ಎಂದು ಮೆಸ್ಸಿನವನು ಗೊಣಗುತ್ತಿದ್ದ. ಮಾನ್ವಿಯ ಗೋದಾಮುಗಳಲ್ಲಿ ಮಾತ್ರ ಹೊರದೇಶಕ್ಕೆ ಹೋಗಬೇಕಿದ್ದ ಅಕ್ಕಿ ಚೀಲದ ಮೇಲೆ ಚೀಲ ಬಿದ್ದುಕೊಂಡು ದರ ಇಳಿಯುತ್ತಿತ್ತು. ತಿನ್ನುವುದು ಅಗ್ಗ, ಬೇಯಿಸುವುದು ತುಟ್ಟಿ.

ನಮ್ಮ ಗಡಿಯಲ್ಲೂ ಸೈನ್ಯ ಜಮಾಯಿಸುತ್ತಿದೆ ಎಂದು ಟಿ.ವಿ.ಯವರು ಹೇಳತೊಡಗಿದ ಮೇಲೆ ಊರಿನ ದನಿಯೇ ಬದಲಾಯಿತು. ಸುದ್ದಿಗೆ ಮುಂಚೆ ಅವರು ಸೈರನ್ ಹಾಕುತ್ತಿದ್ದರು. ಅದೇ ಸೈರನ್ ಆಟೋದವರ ಫೋನಿನ ರಿಂಗಾಯಿತು, ಮದುವೆಯ ಡಿ.ಜೆ.ಯಲ್ಲಿ ಸೇರಿಕೊಂಡಿತು, ಕಟಿಂಗ್ ಅಂಗಡಿಯ ಗಿಣಿ ಕೂಡ ಅದನ್ನು ಕಲಿಯಿತು. ಊರು ಉರಿಯುತ್ತಿರುವ ಒಂದು ವಿಡಿಯೋ ಎಲ್ಲರ ಫೋನಿನಲ್ಲೂ ಓಡಾಡಿತು. ಅದು ಮೊಬೈಲ್ ಆಟದ ದೃಶ್ಯ ಎಂದು ನಾನು ಮೂಲ ಹುಡುಕಿ ತೋರಿಸಿದೆ. ಭಾವ ಎರಡನ್ನೂ ನೋಡಿ, “ಆಟದಾಗ ಹಿಂಗ ಇದ್ದ ಮ್ಯಾಲೆ ಖರೇದಾಗ ಹೆಂಗಿರಬೇಕು ನೋಡು!” ಅಂದ. ಈ ತರ್ಕಕ್ಕೆ ಯಾವ ತೀರ್ಪುಗಾರನಾದರೂ ಪೂರ್ತಿ ಅಂಕ ಕೊಡುತ್ತಿದ್ದ.

ಹೀಗಿರುವಾಗ ನಾನು ರಜೆಗೆ ದೇವದುರ್ಗಕ್ಕೆ ಹೋದ ದಿನವೇ ಸಾಹುಕಾರರು ಅಕ್ಕನ ಕೇಂದ್ರಕ್ಕೆ ಬಂದರು. ಮಾನ್ವಿಯಲ್ಲಿ ಅವರ ರೈಸ್ ಮಿಲ್ಲು, ದೇವದುರ್ಗದಲ್ಲಿ ಕಾಳುಕಡಿಯ ಅಡತಿ ಅಂಗಡಿ. ಹಣೆತುಂಬ ವಿಭೂತಿ, ಮೆತ್ತನೆಯ ಮಾತು. ಎಲ್ಲೇ ಹೊಳೆ ಉಕ್ಕಲಿ, ಭೂಮಿ ನಡುಗಲಿ, ನಮ್ಮ ಕಡೆಯವರು ಮೊದಲು ಮಾಡುವ ಕೆಲಸ ಮನೆ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೂಡಿಸಿ ಲಾರಿ ತುಂಬಿಸುವುದು. ಈ ಸಲ ಆ ಲಾರಿ ಗಡಿಗೆ ಹೋಗಬೇಕೆಂದು ಅವರು ನಿರ್ಧರಿಸಿದ್ದರು.

“ಯವ್ವಾ, ನಿನ್ನ ಕೈಯಾಗಿನ ರೊಟ್ಟಿ ಜವಾನರಿಗೆ ಹೊಂಟಾವ. ಸೋಮವಾರ ಲಾರಿ. ಎಲ್ಲಾ ಮನಿಗೂ ಹೇಳೀನಿ. ಆದ್ರ ದೊಡ್ಡ ಪಾಲು ನಿನ್ನ ಕೇಂದ್ರದ್ದು,” ಅಂದರು.

ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡೇ ನಕ್ಕಳು. ನಾನು ಸುಮ್ಮನಿರಲಿಲ್ಲ.

“ಯಾರು ಕೇಳ್ಯಾರ್ರಿ ಸಾವ್ಕಾರ್ರ?”

“ಏನಂದಿ?”

“ರೊಟ್ಟಿ ಬೇಕಂತ ಸೈನ್ಯದವ್ರು ಯಾರಿಗೆ ಹೇಳ್ಯಾರ? ಅವರಿಗೆ ಊಟ ಇಲ್ಲಂತ ಯಾರರ ಅಂದಾರೇನು?”

“ಕೇಳಾಕ ಅವರಿಗೆ ಪುರಸೊತ್ತರ ಎಲ್ಲಿ ಅದವ್ವಾ? ಹೊಳಿ ಬಂದಾಗ ಚೀಕಲಪರ್ವಿಯವ್ರು ಕೇಳಿದ್ರೇನು? ನಾವೇ ಒಯ್ದು ಕೊಟ್ಟೀವಿ.”

“ಚೀಕಲಪರ್ವಿಯವ್ರು ಜೋಳದ ರೊಟ್ಟಿ ತಿಂದು ಬೆಳದವ್ರು. ಪಂಜಾಬಿನಾಂವ ಇದನ್ನ ನೋಡಿ ಹಂಚಿನ ಚೂರು ಅಂತಾನ.”

ರೊಟ್ಟಿ ಬಡಿಯುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಸಾಹುಕಾರರೂ ನಕ್ಕರು. “ಹಂಗಾದ್ರ ಗುಂಡು ತಾಗದಂಗ ಎದಿಗೆ ಕಟ್ಟಿಗೊಳ್ಳಲಿ ಬಿಡು!”

“ನಗಿ ಮಾತಲ್ರಿ. ಅಕ್ಕಗ ದಮ್ಮು ಅದ. ಗ್ಯಾಸ್ ಬರವಲ್ದು. ಈ ಹೊಗಿಯಾಗ ಒಂದು ಲಾರಿ ರೊಟ್ಟಿ ಮಾಡಿದ್ರ ಆಕಿ ಉಳಿಯಂಗಿಲ್ಲ.”

ಅವರು ಅಕ್ಕನ ಮುಖ ನೋಡಿದರು. ಅವರ ಕಣ್ಣು ಒದ್ದೆಯಾದದ್ದು ಹೊಗೆಗೋ ಬೇರೆ ಯಾವುದಕ್ಕೋ ನನಗೆ ಗೊತ್ತಿಲ್ಲ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದರು.

“ನೀ ಗೆದ್ದಿ ಬಿಡವ್ವಾ. ನೀ ಅಂದದ್ದೆಲ್ಲಾ ಖರೇ. ರೊಟ್ಟಿ ಮಾತ್ರ ಸೋಮವಾರಕ್ಕ ಬೇಕು.”

ಮರುದಿನ ಬೆಳಿಗ್ಗೆಯಿಂದ ಗುಡಿಯ ಮೈಕಿನಲ್ಲಿ ರೊಟ್ಟಿ ಕೊಟ್ಟವರ ಹೆಸರು ಓದತೊಡಗಿದರು. ದೇಣಿಗೆ ಕೊಟ್ಟವರ ಹೆಸರು ಓದುವುದು ನಮ್ಮಲ್ಲಿ ಹಳೆಯ ರೂಢಿ. ಯಾರೂ ಅದರಲ್ಲಿ ತಪ್ಪು ಹುಡುಕುವುದಿಲ್ಲ. ಆದರೆ ಆ ವರ್ಷ ಜನ ಕೇಳುತ್ತಿದ್ದ ರೀತಿ ಬೇರೆ ಇತ್ತು. ಹೊಸ್ತಿಲಲ್ಲಿ ನಿಂತು, ಬಂದ ಹೆಸರುಗಳಿಗಿಂತ ಬಾರದ ಹೆಸರುಗಳಿಗೆ ಕಿವಿ ಕೊಡುತ್ತಿದ್ದರು. ಓಣಿಯ ತುದಿಯ ಹಿಟ್ಟಿನ ಗಿರಣಿಯವನು, “ಮೊದಲ್ನೇ ಲಾರಿ ಮುಟ್ಟಲಿ, ಆಮ್ಯಾಲೆ ಕೊಡ್ತೀನಿ” ಅಂದಿದ್ದನಂತೆ. ಸಂಜೆಯಾಗುವಷ್ಟರಲ್ಲಿ ಎಲ್ಲರ ಫೋನಿಗೆ ಅವನ ಗಿರಣಿಯ ಬಾಗಿಲಿನ ರೀಲ್ಸ್ ಬಂತು, ಹಿಂದೆ ದೇಶಭಕ್ತಿಯ ಹಾಡು, ಮೇಲೆ ಒಂದೇ ಸಾಲು: ಈ ಮನೆ ಯಾರ ಕಡೆ? ಮಾರನೆಯ ದಿನ ನಾನು ಜೋಳ ಬೀಸಿಸಲು ಹೋದಾಗ ಅಲ್ಲಿ ಕಾಯುವವರ ಪಾಳಿ ಇರಲಿಲ್ಲ. ಗಿರಣಿಯವನು ನನ್ನ ಬುಟ್ಟಿಯನ್ನು ನೋಡಿ, “ಬ್ಯಾರೆ ಕಡೆ ಹೋಗಬಾರದೇನು ತಂಗಿ, ಯಾರರ ನೋಡ್ಯಾರು” ಅಂದ. ಅವನು ನನಗಾಗಿ ಹೆದರಿ ಹೇಳಿದ್ದ.

ಇದನ್ನು ಅಕ್ಕನಿಗೆ ಹೇಳಿದೆ. ಅವಳು ಮುದ್ದೆ ನಾದುವುದನ್ನು ನಿಲ್ಲಿಸಲಿಲ್ಲ.

“ಕೇಳಿದಿಲ್ಲ? ಇನ್ನ ನಿನ್ನ ಭಾಷಣ ಸಾಕು ಮಾಡಬೇ. ಇಲ್ಲಿ ಬಾಳೇವು ಮಾಡಾಕಿ ನಾನು.”

ಸರಿ, ಒಲೆಯನ್ನಾದರೂ ಬದಲಿಸೋಣ ಎಂದು ಕಲ್ಲೂರಿನಲ್ಲಿರುವ ಅವ್ವನಿಗೆ ಫೋನ್ ಮಾಡಿದೆ. ಅವ್ವ ತನ್ನ ಮನೆಯ ಎರಡನೆಯ ಸಿಲಿಂಡರನ್ನು, ತುಂಬಿದ್ದನ್ನು, ಕಾಯಿಪಲ್ಯೆ ತರುವ ಟಂಟಂ ಆಟೋದಲ್ಲಿ ಗೋಣಿಚೀಲ ಮುಚ್ಚಿ ಕಳಿಸಿದಳು. ತಾನು ಆ ತಿಂಗಳು ಹೇಗೆ ಅಡುಗೆ ಮಾಡುತ್ತೇನೆಂದು ಹೇಳಲಿಲ್ಲ. ನಾನೇ ಅದನ್ನು ಉರುಳಿಸಿಕೊಂಡು ಒಳಗೆ ತಂದೆ. ಅಕ್ಕ ಅದನ್ನು ನೋಡಿದಳು, ಒಂದು ಸಲ ಕೈಯಿಂದ ಸವರಿದಳು, ಗೋಡೆಗೆ ಆನಿಸಿ ಇಟ್ಟಳು.

“ಅವ್ವನ ಮನಿ ಅಡಗಿಗಿರಲಿ. ತಿರುಗಿ ಕಳಿಸೋಣು.”

“ಯಾಕ? ರೊಟ್ಟಿ ಮಾಡು ಅದರ ಮ್ಯಾಲೆ!”

“ಗ್ಯಾಸಿನ ಮ್ಯಾಲೆ ಖಡಕ್ ಆಗಂಗಿಲ್ಲ. ಮ್ಯಾಲೆ ಸುಟ್ಟಿರ್ತದ, ಒಳಗ ಹಸಿ ಇರ್ತದ. ಊರಾಗ ಎರಡು ದಿನದಾಗ ತಿಂತಾರ, ನಡಿತದ. ಇವು ಲಾರ್ಯಾಗ ಅಷ್ಟು ದೂರ ಹೋಗಬೇಕು.”

ಅವಳು ಹೇಳಿದ್ದು ಸುಳ್ಳಲ್ಲ. ಹಂಚಿನಿಂದ ತೆಗೆದ ರೊಟ್ಟಿಯನ್ನು ಕೆಂಡದ ಸುತ್ತ ಕಲ್ಲಿಗೆ ಆನಿಸಿ ನಿಲ್ಲಿಸಬೇಕು. ನಿಧಾನಕ್ಕೆ ನೀರಿನಂಶವೆಲ್ಲ ಹೋಗಿ, ಉಗುರಿನಿಂದ ಬಡಿದರೆ ಟಣ್ ಎನ್ನಬೇಕು. ಅಂಥ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಆ ಕೆಂಡದ ಮಗ್ಗುಲಲ್ಲಿ ಯಾರಾದರೂ ಕೂತು ಒಂದೊಂದನ್ನೂ ತಿರುಗಿಸುತ್ತಿರಬೇಕು. ಆ ಕೆಲಸವನ್ನು ಅಕ್ಕ ಯಾರ ಕೈಗೂ ಕೊಡುತ್ತಿರಲಿಲ್ಲ.

“ಅಕ್ಕಾ, ಅವನ್ನ ಯಾರೂ ತಿನ್ನಂಗಿಲ್ಲ. ತಿನ್ನದ ರೊಟ್ಟಿ ಬೂಷ್ಟು ಹಿಡಿದರೇನು, ಬಿಟ್ಟರೇನು?”

“ತಿನ್ನಲಿ, ಬಿಡಲಿ. ನನ್ನ ಕೇಂದ್ರದ ರೊಟ್ಟಿ ಬೂಷ್ಟು ಹಿಡಿಬಾರ್ದು.”

ಅಷ್ಟರಲ್ಲಿ ಬಾಗಿಲ ಮುಂದೆ ಟ್ರ್ಯಾಕ್ಟರ್ ನಿಂತಿತು. ಗ್ಯಾಸಿಲ್ಲವೆಂದು ನಾನು ಆಡಿದ ಮಾತು ಸಾಹುಕಾರರ ಮನಸ್ಸಿಗೆ ತಾಗಿತ್ತು. ಅವರು ಒಂದು ಟ್ರೇಲರ್ ತುಂಬ ಹತ್ತಿ ಕಟ್ಟಿಗೆ ಕಳಿಸಿದ್ದರು, ಪುಕ್ಕಟೆ. ಅಕ್ಕನ ಅತ್ತೆ ಹೊರಗೆ ಬಂದು ನೋಡಿ, “ಎಷ್ಟು ಕಾಳಜಿ ನೋಡ್ರಿ ನಮ್ಮ ಮ್ಯಾಲೆ!” ಎಂದು ಕೈಮುಗಿದರು.

ಹತ್ತಿ ಕಟ್ಟಿಗೆಯ ಹೊಗೆ ಬೇರೆ ಹೊಗೆಯಂತಲ್ಲ. ಗಿಡ ಇದ್ದಾಗ ಹುಳಕ್ಕೆಂದು ಹೊಡೆದ ಎಣ್ಣೆಯ ಘಾಟು ಅದರಲ್ಲಿ ಉಳಿದಿರುತ್ತದೆ. ಕಣ್ಣಿಗಿಂತ ಮೊದಲು ಗಂಟಲು ಉರಿಯುತ್ತದೆ. ಆ ದಿನಗಳಲ್ಲಿ ಒಳಗಿನ ಖೋಲಿಯಲ್ಲಿ ಅತ್ತೆಯ ಧಾರಾವಾಹಿ, ಅದರ ನಡುನಡುವೆ ತುರ್ತು ಸುದ್ದಿಯ ಸೈರನ್. “ಇವರ ಯುದ್ಧಕ್ಕ ಬೆಂಕಿ ಹಚ್ಚಲಿ, ಸೊಸಿ ಮನಿ ಬಿಟ್ಟು ಹೋದಳೋ ಇಲ್ಲೋ ತೋರಸವಲ್ರು” ಎಂದು ಅತ್ತೆ ಬೈಯುತ್ತಿದ್ದರು. ಹೊರಗೆ ರೊಟ್ಟಿ ಬಡಿಯುವ ಸದ್ದು. ಅದರ ಕೆಳಗೆ, ಕಿವಿಗೊಟ್ಟರೆ ಮಾತ್ರ ಕೇಳಿಸುವಂತೆ, ಅಕ್ಕನ ಎದೆಯ ಶಿಳ್ಳೆ. ಅವಳು ಮಾತು ಕಡಿಮೆ ಮಾಡಿದಳು. ಮೊದಲು ಹಾಡು ಬಿಟ್ಟಳು, ಆಮೇಲೆ ಬೈಗುಳ ಬಿಟ್ಟಳು. ಶನಿವಾರದ ಹೊತ್ತಿಗೆ ಏನು ಕೇಳಿದರೂ ಕೈಯಲ್ಲೇ ಉತ್ತರ. ಬಾಯಿಗೆ ಹೊಡೆದುಕೊಳ್ಳುವ ಔಷಧದ ಪಂಪನ್ನು ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿದ್ದಳು. ಅದನ್ನು ತೆಗೆದಾಗೆಲ್ಲ ನಾನು ನೋಡುತ್ತಿದ್ದೇನೆಯೇ ಎಂದು ಮೊದಲು ನೋಡುತ್ತಿದ್ದಳು.

ಸೋಮವಾರ ಲಾರಿ ಹೊರಟಿತು. ಬಾಳೆಕಂದು, ಬಾವುಟ, ಡಿ.ಜೆ. ಫೋಟೋದಲ್ಲಿ ಸಾಹುಕಾರರ ಪಕ್ಕ ಅಕ್ಕ ನಿಂತಿದ್ದಾಳೆ. ಅದನ್ನು ನೋಡಿದವರು ಅವಳು ಗಂಭೀರವಾಗಿದ್ದಾಳೆ ಅನ್ನುತ್ತಾರೆ. ಅವಳು ಉಸಿರು ಹಿಡಿಯುತ್ತಿದ್ದಳು. ಮಧ್ಯಾಹ್ನ ಅವಳಿಗೆ ಮಲಗಲು ಆಗಲಿಲ್ಲ, ಕೂರಲೂ ಆಗಲಿಲ್ಲ. ತುಟಿ ನೇರಳೆಯಾಯಿತು. ಭಾವ ಯಾರದೋ ಕಾರು ತಂದ. ರಾಯಚೂರಿನವರೆಗೆ ನಾನು ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದೆ. ಅವಳ ಒಂದೊಂದು ಉಸಿರೂ ನನ್ನ ಪಕ್ಕೆಲುಬಿಗೆ ಗೀರುತ್ತಿತ್ತು. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿದ ಮೇಲೆ ಡಾಕ್ಟರು, “ಇವರನ್ನ ಒಲಿ ಮುಂದ ಕೂಡಿಸಿದವ್ರು ಯಾರು?” ಎಂದು ಕೇಳಿದರು. ನನ್ನ ಹತ್ತಿರ ಪಾಯಿಂಟುಗಳಿದ್ದವು, ಕ್ರಮವಾಗಿ, ಒಂದಕ್ಕೊಂದು ಹೊಂದಿಕೊಂಡು. ಯಾರ ಹೆಸರು ಹೇಳಬೇಕೆಂದು ಮಾತ್ರ ತಿಳಿಯಲಿಲ್ಲ.

“ಇನ್ನೊಮ್ಮೆ ಹಿಂಗಾದ್ರ ಇಲ್ಲಿತನ ತರಾಕ ಪುರಸೊತ್ತು ಸಿಗಲಿಕ್ಕಿಲ್ಲ” ಎಂದು ಡಾಕ್ಟರು ಭಾವನಿಗೆ ಹೇಳಿದರು.

ಅಕ್ಕ ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಲಾರಿಯ ಡ್ರೈವರ್ ಹಿಂದಿರುಗಿದ. ನಮ್ಮ ಓಣಿಯವನೇ. ಗಡಿ ಬಹಳ ದೂರ ಇರುವಾಗಲೇ ಅವನನ್ನು ತಡೆದು, ಮದುವೆ ನಡೆಯುವ ಒಂದು ಮಂಗಲ ಕಾರ್ಯಾಲಯದಲ್ಲಿ ಮೂಟೆ ಇಳಿಸಲು ಹೇಳಿದ್ದರಂತೆ. “ಅಲ್ಲಿ ಮೊದಲೇ ಗುಡ್ಡದಂಗ ಬಿದ್ದಿದ್ವು ಅಕ್ಕಾರ. ಯಾವ್ಯಾವ ಊರಿನವೋ ಏನೋ. ನಮ್ಮವನ್ನ ಮ್ಯಾಲೆ ಒಗದು ಬಂದೆ” ಅಂದ. ನಾನು ಅದನ್ನು ಅಕ್ಕನಿಗೆ ಹೇಳಿದೆ. ಹೇಳಬಾರದಿತ್ತು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಅವಳು ಮುಖದ ಮೇಲಿನ ಮಾಸ್ಕು ಸರಿಸಿದಳು.

“ಗೊತ್ತಿತ್ತು ಬೇ.”

“ಗೊತ್ತಿದ್ದೂ?”

“ಹೆಸರು... ಓದ್ತಾರಲ್ಲ.”

ಅವಳನ್ನು ಮನೆಗೆ ಕರೆತಂದ ದಿನ ಮೈಕಿನಲ್ಲಿ ಎಲ್ಲರಿಗಿಂತ ಮೊದಲು ಅವಳ ಹೆಸರೇ ಬಂತು. ಆಸ್ಪತ್ರೆ ಸೇರಿದ ಸುದ್ದಿಯನ್ನೂ ಸೇರಿಸಿದರು, ಮೈಕಿನಲ್ಲಿ ಅದು ತ್ಯಾಗವಾಗಿತ್ತು. ಅದರ ಹಿಂದೆಯೇ ಎರಡನೆಯ ಲಾರಿಯ ದಿನ ಹೇಳಿದರು. ಗಿರಣಿಯವನ ಹೆಸರೂ ಈ ಸಲ ಪಟ್ಟಿಯಲ್ಲಿ ಸೇರಿತ್ತು. ಬಾಗಿಲ ಮುಂದೆ ಹೊಸ ಟ್ರೇಲರಿನ ಕಟ್ಟಿಗೆ ಇಳಿದಿತ್ತು.

ಕೆಂಡದ ಮಗ್ಗುಲಿಗೆ ನಾನು ಕೂತೆ. ಅಕ್ಕ ಒಪ್ಪಲಿಲ್ಲ, ಆದರೆ ಬೇಡ ಅನ್ನಲು ಅವಳಲ್ಲಿ ಉಸಿರಿರಲಿಲ್ಲ. ಓಣಿಯಾಚೆ, ಎದುರು ಮನೆಯ ಕಟ್ಟೆಯ ಮೇಲೆ ಅವಳಿಗೆ ಕುರ್ಚಿ ಹಾಕಿದೆವು. ನಾನು ರೊಟ್ಟಿಯನ್ನು ಉಗುರಿನಿಂದ ಬಡಿದು ಅವಳತ್ತ ಎತ್ತಿ ಹಿಡಿಯುತ್ತಿದ್ದೆ. ಅಷ್ಟು ದೂರಕ್ಕೆ ಸದ್ದು ಕೇಳುತ್ತಿತ್ತೋ ಇಲ್ಲವೋ, ಅವಳು ಕೈಯಾಡಿಸಿ ಇನ್ನಷ್ಟು, ಇನ್ನಷ್ಟು ಎಂದು ತೋರಿಸುತ್ತಿದ್ದಳು. ಹೊಗೆ ಆಗ ಬಸ್ ನಿಲ್ದಾಣದ ಕಡೆಗೆ ಹೋಗುತ್ತಿತ್ತು. ನಡುವೆ ಒಮ್ಮೆ ತಲೆ ಎತ್ತಿದಾಗ ಅವಳು ಕುರ್ಚಿಯನ್ನು ಕಟ್ಟೆಯ ಅಂಚಿಗೆ, ನಮ್ಮ ಕಡೆಗೆ ಎಳೆದುಕೊಂಡಿದ್ದಳು. ಸಂಜೆ ನಾಲ್ಕರ ಮೇಲೆ ಆ ಓಣಿಯಲ್ಲಿ ಗಾಳಿ ಎದುರು ಕಟ್ಟೆಯ ಕಡೆಗೆ ತಿರುಗುತ್ತದೆ. ಇನ್ನೂ ಅರ್ಧ ಬುಟ್ಟಿ ಹಿಟ್ಟು ಉಳಿದಿತ್ತು.