ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಚಾಕಲೇಟು ಉಂಡಿ

ಬ್ಯಾಡಗಿಯ ದೇವವ್ವನಿಗೆ ಖಾರ ಗೊತ್ತಾಗುವುದಿಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಮೂವತ್ತೆರಡು ವರ್ಷ ಗೋದಾಮಿನಲ್ಲಿ ಕುಂತು ಮೆಣಸಿನಕಾಯಿಯ ತೊಟ್ಟು ಬಿಡಿಸಿದ ಹೆಂಗಸು. ಹೊಸಬರು ಅಲ್ಲಿ ಕಾಲಿಟ್ಟರೆ ಸೀನಿ ಸೀನಿ ಸುಸ್ತಾಗುತ್ತಾರೆ. ಈಕೆ ಅದೇ ಘಾಟಿನಲ್ಲಿ ರೊಟ್ಟಿ ಬಿಚ್ಚಿ ಉಣ್ಣುತ್ತಾಳೆ, ಎಲೆ ಅಡಿಕೆ ಹಾಕುತ್ತಾಳೆ, ಗೋಡೆಗೊರಗಿ ಸಣ್ಣ ನಿದ್ದೆಯನ್ನೂ ತೆಗೆಯುತ್ತಾಳೆ. ಮೂಗು ಸತ್ತು ಯಾವ ಕಾಲವಾಯಿತೋ, ನಾಲಿಗೆಯೂ ಅದರ ಹಿಂದೆಯೇ ಹೋಯಿತು, ಸಿಹಿಯೊಂದು ಮಾತ್ರ ಉಳಿದಿತ್ತು. ಅದಕ್ಕಾಗಿ ಆಕೆ ಒಂದು ದಿನವೂ ಮರುಗಿದವಳಲ್ಲ. ಉಣ್ಣೂದು ಹೊಟ್ಟಿ ತುಂಬಾಕ, ಅನ್ನುತ್ತಿದ್ದಳು.

ಆಕೆಗೆ ಬೇಕಾಗಿದ್ದದ್ದು ಮೊಮ್ಮಗಳು. ರಾಣೆಬೆನ್ನೂರಿನಲ್ಲಿರುವ ಮಗಳು ಕಾವ್ಯಾಳ ಕೂಸು ಭುವನಾಗೆ ಆರು ತುಂಬುತ್ತಿತ್ತು. ಆ ಕೂಸು ಇಷ್ಟು ವರ್ಷದಲ್ಲಿ ಒಂದೇ ಒಂದು ದಿನ ಅಜ್ಜಿಯ ಮನೆಯಲ್ಲಿ ಮಲಗಿರಲಿಲ್ಲ. ಕಾವ್ಯಾ ಕಾಲೇಜಿನಲ್ಲಿ ಮೆಚ್ಚಿ ಲಗ್ನವಾದದ್ದು ಬೀಜದ ಅಂಗಡಿಯ ಸಾಹುಕಾರರ ಮಗನನ್ನು. ಆಕೆಯ ಅತ್ತೆ ಸುಧಾರಾಣಿಯ ಮಾತು ಬೆಣ್ಣೆ, ಮನಸ್ಸು ಕಲ್ಲು. ‘ನಿಮ್ಮ ಮನಿಯಾಗ ಘಾಟು ಭಾಳರಿ ದೇವವ್ವಾರ, ಕೂಸಿಗೆ ಆಗಿಬರಂಗಿಲ್ಲ’ ಅಂತ ನಗುನಗುತ್ತಲೇ ಬಾಗಿಲು ಹಾಕುವವಳು. ಈ ಸಲ ಮಾತ್ರ ಕಾವ್ಯಾ ಹಟ ಹಿಡಿದಳು, ಬೇಸಿಗೆ ಸೂಟಿಯಲ್ಲಿ ಎಂಟು ದಿನ ಕಳಿಸಲೇಬೇಕು ಅಂದಳು. ಸುಧಾರಾಣಿ ಸೊಸೆಯ ಮುಖ ನೋಡಿ, ‘ಹುಟ್ಟಿದ ಹಬ್ಬಕ್ಕ ನಿಮ್ಮವ್ವ ಬರಲಿ. ಕೂಸು ತಾನಾಗೇ ಹೋಗ್ತೇನಿ ಅಂದ್ರ ಕರಕೊಂಡು ಹೋಗಲಿ, ನಾ ಯಾಕ ಬ್ಯಾಡ ಅನ್ನಲಿ?’ ಅಂದಳು.

ಕೂಸಿನ ಫೋನು ಬಂತು.

‘ಆಯಿ, ನೀ ಪೀನಟ್ ಬಟರ್ ಚಾಕಲೇಟ್ ಉಂಡಿ ಮಾಡಿ ತಾ. ಅಂದ್ರ ನಿನ್ನ ಜೋಡಿ ಬರ್ತೇನಿ.’

‘ಏನ ಬಟ್ಟರ ನನ್ನವ್ವಾ?’

‘ಶೇಂಗಾ ಬೆಣ್ಣಿ! ಬೇಯ್ಸೂದ ಬ್ಯಾಡ ಆಯಿ, ಭಾಳ ಸಸಾರ ಐತಿ. ಫೋನ್‌ನಾಗ ನೋಡು.’

ಅಷ್ಟು ಸಾಕಾಯಿತು. ದೇವವ್ವ ಅಂದಿನಿಂದಲೇ ಕೆಲಸ ಬಿಟ್ಟು ಮನೆ ಹಿಡಿದಳು. ಮೂಲೆಯಲ್ಲಿದ್ದ ಮೆಣಸಿನಕಾಯಿ ಚೀಲ ಯಾರಿಗೋ ಎತ್ತಿಕೊಟ್ಟಳು. ಸುಣ್ಣ ಬಳಿದಳು. ಬಜಾರಕ್ಕೆ ಹೋಗಿ ಗುಲಾಬಿ ಬಣ್ಣದ ಸಣ್ಣ ತಲೆದಿಂಬು ತಂದಳು. ಎಂಟು ದಿನ, ದಿನಕ್ಕೆ ನಾಲ್ಕು ಸಲ, ಕಡಲೆಹಿಟ್ಟು ಮಜ್ಜಿಗೆ ಹಚ್ಚಿ ಕೈ ತಿಕ್ಕಿದಳು. ಪಕ್ಕದ ಮನೆಯ ಜಾಹೀದಾ ನಕ್ಕಳು, ‘ದೇವಕ್ಕ, ಕೈ ತೊಳ್ಯಾಕತ್ತೀಯೋ, ಚರ್ಮ ಸುಲ್ಯಾಕತ್ತೀಯೋ?’

ಮಿಕ್ಸಿ ಜಾಹೀದಾಳದು, ಖಾರ ಕಾಣದ ಹೊಸ ಜಾರು. ಹುಟ್ಟಿದ ಹಬ್ಬದ ಬೆಳಿಗ್ಗೆ ಇಬ್ಬರೂ ಫೋನನ್ನು ಡಬ್ಬಿಗೆ ಆನಿಸಿಟ್ಟು ಕುಂತರು. ಶೇಂಗಾ ಹುರಿದು, ಸಿಪ್ಪೆ ಕೇರಿ, ಎಣ್ಣೆ ಬಿಡುವವರೆಗೆ ತಿರುವಿದರು. ಅಬ್ಬಾ, ಶೇಂಗಾ ಚಟ್ನಿ ಮಾಡಿ ಮಾಡಿ ಮುದುಕಿಯಾದವಳು, ಅದೇ ಶೇಂಗಾ ಬೆಣ್ಣೆಯಾದದ್ದು ನೋಡಿ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು! ಅದಕ್ಕೆ ಬಿಸ್ಕೀಟಿನ ಪುಡಿ, ಬೆಲ್ಲದ ಪುಡಿ ಕಲಸಿ ಉಂಡೆ ಕಟ್ಟಿದರು. ಬಿಸಿನೀರಿನ ಮೇಲೆ ಚಾಕಲೇಟು ಕರಗಿಸಿ ಅದರಲ್ಲಿ ಅದ್ದಿದರು, ಮೇಲೆ ಕೋಕೋ ಪುಡಿ ಉದುರಿಸಿದರು. ಇಪ್ಪತ್ತು ಉಂಡೆಗಳಾದವು. ಜಾಹೀದಾ ಒಂದು ಬಾಯಿಗೆ ಹಾಕಿಕೊಂಡು, ‘ಮಸ್ತ್ ಆಗೈತಿ, ಕೂಸು ನಿನ್ನ ಸೆರಗು ಬಿಡಂಗಿಲ್ಲ’ ಅಂದಳು.

ಇನ್ನು ಮೂರು ತಾಸು ತಣ್ಣಗೆ ಇಟ್ಟರೆ ಮುಗಿಯಿತು. ಏಪ್ರಿಲ್ ಬಿಸಿಲು, ದೇವವ್ವನ ಮನೆಯಲ್ಲಿ ಫ್ರಿಜ್ಜಿಲ್ಲ.

‘ನಮ್ಮ ಫ್ರಿಜ್‌ನಾಗ ಇಡು. ಆದ್ರ ಅದರಾಗ ಮಟನ್ ಐತಿ, ಮೊದಲ ಹೇಳೇನಿ.’

‘ನನಗೇನಿಲ್ಲ ಜಾಹೀದಾ. ನಮ್ಮ ಬೀಗತಿ ಕೇಳ್ತಾಳ. ಯಾರ ಮನ್ಯಾಗ ಇಟ್ಟಿದ್ರಿ ಅಂತ ಬುಡ ಹಿಡಿದು ಕೇಳ್ತಾಳ. ನನಗ ಸುಳ್ಳು ಹೇಳಾಕ ಬರಂಗಿಲ್ಲ.’

ಆಗ ಆಕೆಗೆ ಹೊಳೆಯಿತು ನೋಡಿ, ಬ್ಯಾಡಗಿಯವರಿಗಷ್ಟೇ ಹೊಳೆಯುವ ವಿಚಾರ. ತಂಪು ಬೇಕೆಂದರೆ ಆ ಊರಿನಲ್ಲಿ ಕೋಲ್ಡ್ ಸ್ಟೋರೇಜಿಗೇನು ಬರವೇ! ಮೆಣಸಿನಕಾಯಿ ಚೀಲ ಛಾವಣಿ ಮುಟ್ಟುವ ಹಾಗೆ ಒಟ್ಟಿಟ್ಟ ಕಟ್ಟಡಗಳು. ಒಂದರಲ್ಲಿ ಹಮಾಲಿ ಮಾಡುವ ಕೊಟ್ರೇಶ ಪರಿಚಯದವನು, ಏಪ್ರಿಲ್‌ನಲ್ಲೂ ಉಣ್ಣೆ ಟೊಪ್ಪಿಗೆ ಹಾಕಿಕೊಂಡು ಓಡಾಡುವವನು. ‘ತರ್ರಿ ಅತ್ತಿ, ಇಡೀ ಊರ ಮೆಣಸಿನಕಾಯಿ ವರ್ಷಗಟ್ಟಲೆ ಕೆಡಂಗಿಲ್ಲ, ನಿಮ್ಮ ಉಂಡಿ ಕೆಡತಾವೇನು?’ ಅಂತ ತಾಟು ಇಸಿದುಕೊಂಡು ಚೀಲಗಳ ಮೇಲೆ ಇಟ್ಟ. ದೇವವ್ವ ಮೇಲೆ ತೆಳ್ಳನೆಯ ಮಲ್ ಬಟ್ಟೆ ಹೊದಿಸಿ ಬಂದಳು. ಅಂದು ಲಾರಿ ತುಂಬುವ ದಿನ. ಚೀಲ ಎಳೆದಂತೆಲ್ಲ ಕೆಂಪು ಧೂಳು ಎದ್ದಿತು, ಬಟ್ಟೆಯೊಳಗಿಂದ ಇಳಿಯಿತು, ಇನ್ನೂ ಹಸಿಯಾಗಿದ್ದ ಚಾಕಲೇಟಿಗೆ ಅಂಟಿತು. ಕೋಕೋ ಪುಡಿಯ ಮೇಲೆ ಅದು ಕಣ್ಣಿಗೆ ಬೀಳುವ ಹಾಗಿರಲಿಲ್ಲ. ಕೊಟ್ರೇಶನ ಮೂಗೂ ಎಂದೋ ಸತ್ತಿತ್ತು. ಮಧ್ಯಾಹ್ನ ದೇವವ್ವ ಬಂದು ಒಂದು ಉಂಡೆ ತಿಂದು ನೋಡಿದಳು. ಸಿಹಿ ಇತ್ತು. ಖುಷಿಯಿಂದ ಡಬ್ಬಿಗೆ ತುಂಬಿ, ಒದ್ದೆ ಬಟ್ಟೆ ಸುತ್ತಿ ಬಸ್ಸು ಹತ್ತಿದಳು.

ರಾಣೆಬೆನ್ನೂರಿನ ಮನೆಯ ತುಂಬ ಜನ, ಬಲೂನು. ಭುವನಾ ಓಡಿಬಂದು ಅಜ್ಜಿಯ ಕಾಲಿಗೆ ತೆಕ್ಕೆ ಹಾಯ್ದಳು. ಕೇಕಿಗೂ ಕಾಯಲಿಲ್ಲ, ಡಬ್ಬಿ ತೆಗೆದು ಎರಡು ಉಂಡೆ ಒಮ್ಮೆಲೇ ಬಾಯಿಗೆ ತುರುಕಿಕೊಂಡಳು. ಮೊದಲು ನಕ್ಕಳು. ಆಮೇಲೆ ಬಾಯಿ ತೆರೆದಳು, ಕೆಮ್ಮಿದಳು, ಅದೇ ಕೈಯಿಂದ ಕಣ್ಣುಜ್ಜಿಕೊಂಡು ಚೀರಿದಳು.

‘ಅಯ್ಯ ಶಿವನ, ಕೂಸಿಗೆ ಖಾರ ತಿನ್ನಿಸ್ಯಾರಲ್ಲ!’ ಸುಧಾರಾಣಿ ಹೌಹಾರಿದಳು.

‘ಖಾರ ಎಲ್ಲಿಂದ ಬರಬೇಕ್ರಿ ಅಕ್ಕಾರ?’ ದೇವವ್ವ ಒಂದು ಉಂಡೆ ತಿಂದಳು. ‘ನೋಡ್ರಿ, ಸೀ ಐತಿ.’ ಇನ್ನೊಂದು ತಿಂದಳು. ‘ಬರೇ ಸೀ ಐತ್ರಿ.’ ಪಕ್ಕದಲ್ಲಿದ್ದ, ಕೂಸಿನ ಶಾಲೆಯ ಶೈಲಶ್ರೀ ಟೀಚರು ಒಂದು ಚೂರು ಬಾಯಿಗಿಟ್ಟು ಥೂ ಅಂತ ಕಾಗದದ ಕಪ್ಪಿಗೆ ಉಗುಳಿದರು. ಯಾರೋ ಕಿಸಕ್ಕನೆ ನಕ್ಕರು. ದೇವವ್ವ ಗಾಬರಿಯಲ್ಲಿ ಮುಂದೆ ಬಾಗಿ, ಉಂಡೆ ಮುಟ್ಟಿದ ಬೆರಳಿನಿಂದಲೇ ಕೂಸಿನ ತುಟಿ ಒರೆಸಿದಳು. ಭುವನಾ ಮೊದಲಿಗಿಂತ ಜೋರಾಗಿ ಕಿರುಚಿದಳು.

‘ಯವ್ವಾ, ಮುಟ್ಟಬ್ಯಾಡ ಅಕಿನ್ನ!’ ಅಂದವಳು ಕಾವ್ಯಾ. ಹೊಟ್ಟೆಯಲ್ಲಿ ಹುಟ್ಟಿದ ಮಗಳು, ಊರ ಮಂದಿಯ ಮುಂದೆ.

ತುಪ್ಪ ಹಚ್ಚಿ, ಹಾಲು ಕುಡಿಸಿ, ಕಣ್ಣು ತೊಳೆದ ಮೇಲೆ ಅಳು ನಿಂತಿತು. ಅಲ್ಲಿಗೆ ಬಿಟ್ಟಿದ್ದರೆ ಸುಧಾರಾಣಿ ಮನುಷ್ಯಳು ಅನ್ನಬಹುದಿತ್ತು. ಆಕೆ ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಎಲ್ಲರಿಗೂ ಕೇಳುವಂತೆ, ಮೆತ್ತಗೆ ಕೇಳಿದಳು: ‘ಭುವನಾ, ಆಯಿ ಕರ್ಯಾಕ ಬಂದಾರ ನೋಡವಾ. ಬ್ಯಾಡಗಿಗೆ ಹೋಗ್ತಿ ಏನ?’

ಕೂಸು ಆಕೆಯ ಸೆರಗಿನಲ್ಲಿ ಮುಖ ಹುಗಿದುಕೊಂಡಿತು. ‘ಆಯಿ ಬ್ಯಾಡ.’

‘ನಾ ಏನೂ ಅನ್ನಲಿಲ್ಲರಿ ದೇವವ್ವಾರ, ಕೂಸೇ ಒಲ್ಲೆ ಅಂತು’ ಅಂದಳು ಸುಧಾರಾಣಿ. ಕೊಟ್ಟ ಮಾತು ಉಳಿಸಿಕೊಂಡಳು, ಮಹಾತಾಯಿ. ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ ದೇವವ್ವನ ಕೈಗೆ ಕೊಟ್ಟಳು. ಕೇಕು ತಿಂದು ಹೋಗ್ರಿ ಅಂತ ಯಾರೂ ಅನ್ನಲಿಲ್ಲ. ಕಾವ್ಯಾ ಬಾಗಿಲತನಕ ಬರಲಿಲ್ಲ.

ಬಸ್ಸಿನಲ್ಲಿ ದೇವವ್ವ ಡಬ್ಬಿ ತೆರೆದಳು. ಪಕ್ಕದಲ್ಲಿದ್ದ ಹೆಂಗಸು ಎರಡು ಸಲ ಸೀನಿ ಬೇರೆ ಸೀಟಿಗೆ ಎದ್ದುಹೋದಳು. ಹದಿಮೂರು ಉಂಡೆ ಉಳಿದಿದ್ದವು. ಖಾರ ಯಾವುದರಲ್ಲಿದೆ ಎಂದು ಹುಡುಕುತ್ತ ಒಂದೊಂದೇ ತಿಂದಳು, ನಾಲಿಗೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿಕೊಂಡು. ಒಮ್ಮೆಯಾದರೂ ಉರಿಯಲಿ, ತಪ್ಪು ನನ್ನದೇ ಎಂದು ನನಗಾದರೂ ಗೊತ್ತಾಗಲಿ ಎಂದು ದೇವರಿಗೆ ಹರಕೆ ಹೊತ್ತಳು. ಮೋಟೆಬೆನ್ನೂರು ದಾಟುವಷ್ಟರಲ್ಲಿ ಡಬ್ಬಿ ಖಾಲಿಯಾಯಿತು. ಹದಿಮೂರನೆಯದೂ ಸಿಹಿಯಾಗಿಯೇ ಇತ್ತು.