ಸಾಹುಕಾರನ ತಲೆಯ ಮೇಲಿನ ಸೊಟ್ಟ ಬಾಗಿಲು

ಟಿಂಬರ್ ಡಿಪೋದ ಗೇಟಿನ ಹೊರಗೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ ಹೆಂಗಸನ್ನು ಊರೆಲ್ಲ ಪಾಲಿಶಕ್ಕ ಅನ್ನುತ್ತಿತ್ತು. ಗಂಡ ಮೇಸ್ತ್ರಿ ಮಾಡಿದ ಮಂಚ, ಮೇಜುಗಳಿಗೆ ಇಪ್ಪತ್ತಾರು ವರ್ಷ ಪಾಲಿಶ್ ಉಜ್ಜಿದ ಕೈ ಅವಳದು. ಉಗುರಿನ ಸಂದಿಯ ಕೆಂಪು ಯಾವ ಸೋಪಿಗೂ ಜಗ್ಗಿರಲಿಲ್ಲ. ಮಡಿಲಲ್ಲಿ ಸದಾ ಒಂದು ಒದ್ದೆ ಬಟ್ಟೆ.

ಅವಳು ಅಲ್ಲಿ ಕೂತದ್ದು ಹೊತ್ತು ಹೋಗದೆ ಅಲ್ಲ, ಸೇಡಿಗೆ.

ಮೇಸ್ತ್ರಿ ಕೊನೆಯದಾಗಿ ಹಿಡಿದ ದೊಡ್ಡ ಕೆಲಸ ಡಾಕ್ಟರಮ್ಮನ ಬಟ್ಟೆ ಬೀರು. ಪೂರ್ತಿ ತೇಗದ್ದೇ ಆಗಬೇಕು ಅಂದಿದ್ದರು. ಮರ ಕೊಟ್ಟವನು ಇದೇ ಡಿಪೋದ ಸಾಹುಕಾರ. ತೇಗದ ನಡುವಿನ ಕೆಚ್ಚು ಗಟ್ಟಿ, ಅದನ್ನು ಹುಳ ಮುಟ್ಟುವುದಿಲ್ಲ. ತೊಗಟೆ ಪಕ್ಕದ ಬಿಳಿ ಭಾಗಕ್ಕೆ ಆ ತಾಕತ್ತಿಲ್ಲ. ಸಾಹುಕಾರ ಆ ಬಿಳಿ ಹಲಗೆಗೆ, ಅದೂ ಅರೆಹಸಿಯದಕ್ಕೆ, ಬಣ್ಣ ಕುಡಿಸಿ ಕೆಚ್ಚೆಂದು ದಾಟಿಸಿದ್ದ. ಮೇಸ್ತ್ರಿಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು; ಬಣ್ಣ ನೋಡುವ ಕೆಲಸ ಹೆಂಡತಿಯದಾಗಿತ್ತು. ಪಾಲಿಶ್‌ಗೆ ಮುಂಚೆ ಒರೆಸಿದಾಗ ಬಟ್ಟೆಗೆ ಕಂದು ಹತ್ತಿದ್ದನ್ನು ಅವಳು ನೋಡಿದಳು. ಮರ ಎಣ್ಣೆ ಬಿಡುತ್ತಿರಬೇಕು ಅಂದುಕೊಂಡು ಬಟ್ಟೆ ಹಿಂಡಿ ಪಾಲಿಶ್ ಎಳೆದಳು. ಗಂಡನಿಗೆ ಹೇಳಲಿಲ್ಲ.

ಎಂಟು ತಿಂಗಳಿಗೆ ಬಾಗಿಲು ತಿರುಚಿಕೊಂಡಿತು. ಮಡಿಸಿಟ್ಟ ಬಟ್ಟೆಯ ಮೇಲೆ ಹುಳ ಕೊರೆದ ಹುಡಿ ಉದುರಿತು. ಡಾಕ್ಟರಮ್ಮ ಬೀರುವನ್ನು ಕೈಗಾಡಿಗೆ ಹಾಕಿಸಿ ಹಾಡುಹಗಲೇ ಮೇಸ್ತ್ರಿಯ ಮನೆ ಮುಂದೆ ಇಳಿಸಿದರು.

"ನಾನು ಕೊಟ್ಟಿದ್ದು ಅಪ್ಪಟ ತೇಗ. ಮೇಸ್ತ್ರಿ ಎಲ್ಲಿ ಬದಲಾಯಿಸಿದ್ನೋ ನಂಗೇನ್ ಗೊತ್ತು?" ಅಂದ ಸಾಹುಕಾರ.

ಅಷ್ಟು ಸಾಕಾಯಿತು. ಅಲ್ಲಿಂದಾಚೆ ಮೇಸ್ತ್ರಿಯ ಪಾಲಿಗೆ ಬಂದದ್ದು ಏಣಿಯ ಮೆಟ್ಟಿಲು, ಮುರಿದ ಕುರ್ಚಿಯ ಕಾಲು. ಮೂರನೇ ವರ್ಷ ಕಣ್ಣು ಮುಚ್ಚಿದ. ಕೊನೆಯ ದಿನವೂ "ನಾನು ಬದಲಾಯಿಸಿಲ್ಲ ಕಣೇ" ಅಂತಲೇ ಅನ್ನುತ್ತಿದ್ದ.

ಆಮೇಲೆ ಬಂತು ಸ್ಟೂಲು. ಡಿಪೋಗೆ ಬರುವವರನ್ನೆಲ್ಲ ಪಾಲಿಶಕ್ಕ ತಡೆದಳು.

"ಏನ್ ಮಾಡಿಸ್ತೀಯಪ್ಪಾ?"

"ಪುಸ್ತಕದ ಕಪಾಟು ಅಕ್ಕಾ."

"ಬೇವು ಸಾಕು, ಹುಳ ಹತ್ರ ಸುಳಿಯಲ್ಲ. ಬೆರಳಲ್ಲಿ ಬಡಿದು ನೋಡು. ಡಬ್ ಅಂದ್ರೆ ಹಸಿ, ಟಣ್ ಅಂದ್ರೆ ತಗೋ. ಫೋಟೋ ಫ್ರೇಮಿಗಾದ್ರೆ ಮಾವೂ ಆಗುತ್ತೆ. ಆದ್ರೆ ಸಾಹುಕಾರ್ರು ತೇಗ ಅಂದಿದ್ನೆಲ್ಲ ಈ ಬಟ್ಟೇಲಿ ಉಜ್ಜಿ ನೋಡು!"

ಆ ಕೊನೆಯ ಮಾತು ಮಾತ್ರ ಬೀದಿಗೆಲ್ಲ ಕೇಳುತ್ತಿತ್ತು. ಸಾಹುಕಾರ ಹಲ್ಲು ಕಡಿಯುತ್ತ ಬರುತ್ತಿದ್ದ.

"ಬಿಸಿಲಲ್ಲಿ ಯಾಕಕ್ಕಾ ಕೂತಿದೀಯ? ಮನೇಗೆ ಹೋಗು."

"ನಿನ್ನ ಮರಕ್ಕೆ ಸಿಗದ ಬಿಸಿಲು ನನಗಾದ್ರೂ ಸಿಗಲಿ ಬಿಡಪ್ಪಾ. ಒಣಗ್ತೀನಿ."

ಹೀಗೆ ನಾಲ್ಕು ವರ್ಷ. ಐದನೆಯ ವರ್ಷ ಸ್ಟೂಲಿನ ಮುಂದೆ ಬಂದು ನಿಂತವಳು ಸಾಹುಕಾರನ ಮಗಳು. ಹೊಸ ಮನೆ, ಆರು ತಿಂಗಳ ಬಸುರಿ. ಮಂಚಕ್ಕೂ ತೊಟ್ಟಿಲಿಗೂ ಮರ ಬೇಕಿತ್ತು.

"ನಿಮ್ಮಪ್ಪಂದೇ ಡಿಪೋ ಅಲ್ವೇನಮ್ಮಾ?"

"ಅಪ್ಪಂಗೆ ಎಲ್ಲಾ ಮರಾನೂ ಒಳ್ಳೇದೇ. ನೀವು ಬಂದು ನೋಡಿ ದೊಡ್ಡಮ್ಮಾ."

ಪಾಲಿಶಕ್ಕ ಎದ್ದಳು. ಮಗಳಿಗೆಂದು ಸಾಹುಕಾರ ತಾನೇ ಆರಿಸಿಟ್ಟ ಹಲಗೆಗಳು ಗರಗಸದ ಮಿಷನ್ ಪಕ್ಕದಲ್ಲಿದ್ದವು. ಇಷ್ಟು ವರ್ಷ ಬೆರೆಸಿ ಬೆರೆಸಿ ಅವನಿಗೇ ಅಸಲು ಯಾವುದು, ಬಣ್ಣದ್ದು ಯಾವುದು ತಿಳಿಯದಾಗಿತ್ತು. ಪಾಲಿಶಕ್ಕ ಒಂದು ಒರೆಸಿದಳು, ಎರಡು ಒರೆಸಿದಳು. ಮೂರನೆಯದಕ್ಕೆ ಬಟ್ಟೆ ಕಂದಾಯಿತು.

ಅವಳು ಬಟ್ಟೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಯಾರೂ ನೋಡಿರಲಿಲ್ಲ. "ಚೆನ್ನಾಗಿದೆ" ಅಂದುಬಿಟ್ಟರೆ ಮುಗಿಯಿತು. ಎಂಟು ತಿಂಗಳಿಗೆ ಸಾಹುಕಾರನ ಮೊಮ್ಮಗುವಿನ ಹಾಸಿಗೆಯ ಮೇಲೆ ಹುಡಿ ಉದುರುತ್ತದೆ. ನಾಲಿಗೆಯ ತುದಿಗೆ ಬಂದ ಆ ಮಾತು ಬೆಲ್ಲದಂತಿತ್ತು.

"ನೋಡಮ್ಮಾ, ಪಾಲಿಶಕ್ಕನೇ ಒಪ್ಪಿದ್ಲು!" ಅವಳು ತಪ್ಪು ಹೇಳದ್ದನ್ನೇ ಒಪ್ಪಿಗೆ ಅಂದುಕೊಂಡು, ಹಿಂದೆಯೇ ಬಂದಿದ್ದ ಸಾಹುಕಾರ ಬೀಗಿದ. "ಇನ್ನು ಮೇಸ್ತ್ರಿ ಕೆಡಿಸದಿದ್ರೆ ಆಯ್ತು."

ಮೇಸ್ತ್ರಿ ಕೆಡಿಸದಿದ್ದರೆ! ನಾಳೆ ಹುಳ ಬಿದ್ದರೂ ಇವನು ಇನ್ನೊಬ್ಬ ಬಡಗಿಯ ತಲೆಗೇ ಕಟ್ಟುತ್ತಾನೆ. ಬಟ್ಟೆ ಹಿಂಡಿ ತಾನು ಒಮ್ಮೆ ಸುಮ್ಮನಿದ್ದದ್ದಕ್ಕೆ ಗಂಡನ ಹೆಸರು ಹೋಗಿತ್ತು. ಪಾಲಿಶಕ್ಕನಿಗೆ ಕನಿಕರ ಹುಟ್ಟಿತು ಅಂದುಕೊಳ್ಳಬೇಡಿ. ಆ ಸೇಡು ಸಣ್ಣದಾಯಿತು ಅನ್ನಿಸಿತು, ಅಷ್ಟೇ. ಅವಳು ಮುಷ್ಟಿ ಬಿಚ್ಚಿ ಬಟ್ಟೆಯನ್ನು ಮಗಳ ಕೈಗಿಟ್ಟಳು.

"ಇದೇನು ಅಂತ ನಿಮ್ಮಪ್ಪನ್ನೇ ಕೇಳಮ್ಮಾ."

"ಅಪ್ಪಾ, ಇದು ಬಣ್ಣ ಅಲ್ವಾ?"

"ಅದು... ಆಳುಗಳು ಬೆರೆಸಿರ್ಬೇಕು ಪುಟ್ಟೀ."

"ಡಾಕ್ಟರಮ್ಮನ ಬೀರುವಿಗೂ ಆಳುಗಳೇ ಬೆರೆಸಿದ್ರಾ?" ಪಾಲಿಶಕ್ಕನ ದನಿಗೆ ಗರಗಸ ನಿಂತಿತು. ಮರ ಕೊಯ್ಯಿಸಲು ಬಂದಿದ್ದ ಐದಾರು ಬಡಗಿಗಳು ತಲೆಯೆತ್ತಿದರು.

ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಪ್ಪನನ್ನೇ ನೋಡುತ್ತಿದ್ದಳು. "ನನ್ನ ಮಗೂನ ಇದರಲ್ಲಿ ಮಲಗಿಸ್ಬೇಕಿತ್ತಾ? ಯಾರು ಬೆರೆಸಿದ್ದು, ನಿಜ ಹೇಳಿ."

ಸಾಹುಕಾರನ ಮುಖದಲ್ಲಿ ನೀರಿಳಿಯಿತು. "ನಾನೇ."

"ನಂಗೆ ಕಿವಿ ಮಂದ," ಅಂದಳು ಪಾಲಿಶಕ್ಕ.

"ನಾನೇ ಬೆರೆಸಿದ್ದು! ಮೇಸ್ತ್ರಿ ಏನೂ ಬದಲಾಯಿಸಿಲ್ಲ!"

ಬಡಗಿಗಳಲ್ಲಿ ಹಿರಿಯನೊಬ್ಬ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಪಾಲಿಶಕ್ಕ ಮಗಳಿಗೆ ಚೆನ್ನಾಗಿ ಒಣಗಿದ, ಎಳೆ ನೇರವಿದ್ದ ಕೆಚ್ಚಿನ ಹಲಗೆಗಳನ್ನೇ ಆರಿಸಿಕೊಟ್ಟಳು. ಮರುದಿನ ಬೆಳಿಗ್ಗೆ ಆ ಹಳೆಯ ಬೀರುವಿನ ಬಾಗಿಲನ್ನು ಕೈಗಾಡಿಯಲ್ಲಿ ಹಾಕಿಸಿ ತಂದು, ಸಾಹುಕಾರನ ಕುರ್ಚಿಯ ನೆತ್ತಿಗೆ ಸರಿಯಾಗಿ ಗೋಡೆಗೆ ಹೊಡೆಸಿದಳು. ಅವನು ಬೇಡವೆನ್ನಲು ಬಾಯಿ ತೆರೆದ. ಮಗಳು ಮೊಳೆ ಎತ್ತಿಕೊಡುತ್ತಿದ್ದುದನ್ನು ನೋಡಿ ಮುಚ್ಚಿಕೊಂಡ.

ಈಗ ಬಂದವರೆಲ್ಲ ಕೇಳುತ್ತಾರೆ: "ಇದೇನ್ ಸಾಹುಕಾರ್ರೇ, ಸೊಟ್ಟ ಬಾಗಿಲು?"

ಅವನು ಹೇಳಬೇಕು. ನುಂಗಿಕೊಂಡು ಹೇಳಿದರೆ ಪಾಲಿಶಕ್ಕ ಬಿಡುವುದಿಲ್ಲ. ಸ್ಟೂಲು ಈಗ ಗೇಟಿನ ಒಳಗೇ ಇದೆ.

"ಜೋರಾಗಿ ಹೇಳಪ್ಪಾ," ಅನ್ನುತ್ತಾಳೆ. "ಮೇಸ್ತ್ರಿಗೆ ಕೇಳಿಸ್ಬೇಕು."